ಹತ್ತರಲ್ಲಿ ಒಂದು ಸರಿ, ಯಾವ ಹತ್ತು?

ನಮ್ಮ ಮನೆಯ ಲೆಕ್ಕ ಬರೆಯುವುದು ನಾನೇ. ತುಮಕೂರಿನಲ್ಲಿ ಅಪ್ಪನ ಕಿರಾಣಿ ಅಂಗಡಿಯ ಖಾತೆ ಪುಸ್ತಕ ಕೂಡಿಸಿ ಕಳೆದು ಬೆಳೆದವಳು. ಈಗ ನ್ಯೂಜೆರ್ಸಿಯಲ್ಲಿ ಮನೆಯಿಂದಲೇ ಸಣ್ಣಪುಟ್ಟ ಅಂಗಡಿಗಳ ಬುಕ್‌ಕೀಪಿಂಗ್ ಮಾಡುತ್ತೇನೆ. ಗಂಡ ಯೆಹೂದಿ, ಶಾಲೆಯಲ್ಲಿ ಮೇಷ್ಟ್ರು. ಮದುವೆಗೆ ಮುಂಚೆ ನಾನೂ ಅವರ ಧರ್ಮಕ್ಕೆ ಸೇರಿದೆ. ಆ ಕಥೆ ಇನ್ನೊಂದು ದಿನಕ್ಕಿರಲಿ. ಮದುವೆಯಾದ ತಿಂಗಳೇ ಇವರು ಪೇ ಸ್ಲಿಪ್ ತಂದು ನನ್ನ ಕೈಗಿಟ್ಟು, ಇನ್ನು ಮಾಸೆರ್ ಲೆಕ್ಕವೂ ನಿನ್ನದೇ ಎಂದರು. ಹತ್ತನೇ ಒಂದು ಪಾಲು ತಾನೇ, ಕೊನೆಯ ಸೊನ್ನೆ ಹೊಡೆದರೆ ಆಯ್ತು ಅಂದುಕೊಂಡೆ. ಮೊದಲ ವರ್ಷವೇ 504 ಡಾಲರ್ ತಪ್ಪು ಮಾಡಿದೆ.

ಮಾಸೆರ್ ಎಂದರೆ ಹೀಬ್ರೂವಿನಲ್ಲಿ ಹತ್ತನೇ ಒಂದು ಪಾಲು. ಪೂರ್ತಿ ಹೆಸರು ಮಾಸೆರ್ ಕೆಸಾಫಿಮ್, ದುಡ್ಡಿನ ಹತ್ತನೇ ಪಾಲು. ನಮ್ಮ ಕಡೆ ಕ್ರೈಸ್ತರು ದಶಮಾಂಶ ಅನ್ನುತ್ತಾರಲ್ಲ, ಅದರ ಬೇರೂ ಇಲ್ಲೇ ಇದೆ. ಬೈಬಲ್ಲಿನ ಯಾಕೋಬ ಬೇತೇಲ್ ಎಂಬಲ್ಲಿ ಕಲ್ಲು ತಲೆದಿಂಬು ಮಾಡಿ ಮಲಗಿ ಎದ್ದ ಬೆಳಗ್ಗೆ, ನೀನು ಕೊಟ್ಟದ್ದರಲ್ಲೆಲ್ಲ ಹತ್ತನೇ ಪಾಲು ನಿನಗೆ ಎಂದು ದೇವರಿಗೆ ಮಾತು ಕೊಡುತ್ತಾನೆ. ಹಿಂದೆ ಇದು ಬೆಳೆಯ ಮೇಲಿನ ಲೆಕ್ಕ. ಇಸ್ರೇಲ್ ನಾಡಿನ ರೈತ ದೇವಾಲಯದ ಸೇವೆಯ ಕುಲದವರಾದ ಲೇವಿಯರಿಗೆ ಒಂದು ಪಾಲು ಕೊಡಬೇಕಿತ್ತು. ಏಳು ವರ್ಷದ ಸುತ್ತಿನಲ್ಲಿ 3ನೇ ಮತ್ತು 6ನೇ ವರ್ಷ ಬಡವರಿಗೂ ಒಂದು ಪಾಲು. ಸಂಬಳದ ಮೇಲೆ, ವ್ಯಾಪಾರದ ಲಾಭದ ಮೇಲೆ ಹಾಕುವುದು ಆಮೇಲಿನ ರೂಢಿ. ಅದು ಕಡ್ಡಾಯವೋ, ಬರೀ ಸಂಪ್ರದಾಯವೋ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಅದಕ್ಕೇ ಶುರು ಮಾಡುವಾಗ 'ಬ್ಲಿ ನೆದೆರ್' ಎಂದು ಹೇಳಿಕೊಳ್ಳಬೇಕು. ಹರಕೆಯಲ್ಲ, ಆದಷ್ಟು ಮಾಡ್ತೀನಿ ಎಂದು ಅರ್ಥ. ಇಲ್ಲದಿದ್ದರೆ ಮೂರು ಸಲ ಮಾಡಿದ್ದೇ ಹರಕೆಯಾಗಿ ಕೂತುಬಿಡುತ್ತದೆ.

ಮೇಲಕ್ಕೂ ಒಂದು ಗೆರೆ ಇದೆ. ಐದನೇ ಒಂದು ಪಾಲಿಗಿಂತ ಜಾಸ್ತಿ ಕೊಡಬಾರದು. ಕೊಟ್ಟು ಕೊಟ್ಟು ನೀನೇ ಇನ್ನೊಬ್ಬರ ಮುಂದೆ ಕೈಚಾಚುವ ಹಾಗಾಗಬಾರದು ಎಂದು ಗಲಿಲಾಯದ ಉಷಾ ಎಂಬ ಊರಿನಲ್ಲಿ ಪಂಡಿತರು ಮಾಡಿದ ಕಟ್ಟಳೆ. ಅಂಗಡಿಯವನ ಮಗಳಿಗೆ ಈ ಕಟ್ಟಳೆ ಬಹಳ ಹಿಡಿಸಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇವರ ತಿಂಗಳ ಸಂಬಳ 6,400 ಡಾಲರ್. ಅದರಲ್ಲಿ ಆದಾಯ ತೆರಿಗೆ, ಸರ್ಕಾರದ ಪಿಂಚಣಿಗೆ ಸೋಷಿಯಲ್ ಸೆಕ್ಯೂರಿಟಿ, ವಯಸ್ಸಾದವರ ಆರೋಗ್ಯ ವಿಮೆಗೆ ಮೆಡಿಕೇರ್ ಸೇರಿ 1,100 ಹಿಡಿಯುತ್ತಾರೆ. ಆರೋಗ್ಯ ವಿಮೆಗೆ 420. ನಿವೃತ್ತಿ ಖಾತೆಗೆ 320. ಬ್ಯಾಂಕಿಗೆ ಬಂದು ಬೀಳುವುದು 4,560. ನಾನು ಅದನ್ನೇ ಆದಾಯ ಎಂದು ಹಿಡಿದು 456 ಬರೆದೆ. ಕೈಗೆ ಬಂದದ್ದು ತಾನೇ ನಮ್ಮದು?

ವರ್ಷದ ಕೊನೆಗೆ ಹಾಳೆ ಹಿಡಿದುಕೊಂಡು ರಬ್ಬಿಯ, ಅಂದರೆ ಯೆಹೂದಿ ಧರ್ಮಗುರುವಿನ, ಹತ್ತಿರ ಹೋದೆ. ಅವರು ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಸಾಲಿನ ಮೇಲೆ ನಿಂತರು. ಆದಾಯ ತೆರಿಗೆ ಕಳೆಯಬಹುದು. ಅದು ನಿಮ್ಮ ಕೈಗೆ ಸಿಕ್ಕಿದ್ದೇ ಇಲ್ಲ. ಸೋಷಿಯಲ್ ಸೆಕ್ಯೂರಿಟಿಯನ್ನೂ ಹಾಗೇ ನೋಡೋಣ. ನಿವೃತ್ತಿ ಖಾತೆಯ ದುಡ್ಡನ್ನು ಈಗ ಮುಟ್ಟೋಕಾಗಲ್ಲ, ತೆಗೆಯುವ ದಿನ ಅದರ ಪಾಲು ಕೊಡಿ. ಪೆನ್ಸಿಲ್ ವಿಮೆಯ ಸಾಲಿಗೆ ಬಂತು. "ಇದು ನೀವು ಕೊಂಡುಕೊಂಡದ್ದು ಅಲ್ವಾ? ಅಕ್ಕಿ ಕೊಂಡ ಹಾಗೆ." ಹೌದಲ್ಲ! ಸಂಬಳದಿಂದ ಮೊದಲೇ ಹಿಡಿದುಕೊಂಡ ಮಾತ್ರಕ್ಕೆ ಅದು ಖರ್ಚಲ್ಲ ಅನ್ನೋಕಾಗುತ್ತಾ? ತಿಂಗಳಿಗೆ 42 ಡಾಲರ್ ಕಡಿಮೆ ಬಿದ್ದಿತ್ತು. ಹನ್ನೆರಡು ತಿಂಗಳಿಗೆ 504.

ಬೇರೆ ರಬ್ಬಿಗಳು ಬೇರೆ ಥರ ಹೇಳಬಹುದು. ವಿಮೆ, ನಿವೃತ್ತಿ ಖಾತೆ ಎರಡರಲ್ಲೂ ಒಮ್ಮತವಿಲ್ಲ. ಒಬ್ಬರನ್ನು ಕೇಳಿ, ಅವರು ಹೇಳಿದ ಹಾಗೇ ಎಲ್ಲ ವರ್ಷ ಬರೆಯಿರಿ. ಅನುಕೂಲವಾದ ಸಾಲನ್ನು ಒಬ್ಬೊಬ್ಬರಿಂದ ಆರಿಸಿಕೊಳ್ಳೋದು ಲೆಕ್ಕ ಅನ್ನಿಸಿಕೊಳ್ಳಲ್ಲ.

ನನ್ನ ಸಂಪಾದನೆಯ ಲೆಕ್ಕ ಸಲೀಸು, ಅದು ವ್ಯಾಪಾರದ ಥರ. ವ್ಯಾಪಾರಕ್ಕೆ ಮಾಡಿದ ಖರ್ಚು ಕಳೆಯಬಹುದು, ಬದುಕೋಕೆ ಮಾಡಿದ ಖರ್ಚು ಕಳೆಯುವಂತಿಲ್ಲ. ಒಂದು ತಿಂಗಳು 1,950 ಬಂತು ಅನ್ನಿ. ಸಾಫ್ಟ್‌ವೇರ್ 60, ಇಂಟರ್‌ನೆಟ್ಟಿನ ಪಾಲು 30, ತೆರಿಗೆಗೆ ಎತ್ತಿಟ್ಟದ್ದು 400. ನಾನು ಕೆಲಸಕ್ಕೆ ಕೂತ ಹೊತ್ತಿನಲ್ಲಿ ಚಿಕ್ಕವನನ್ನು ಡೇ ಕೇರಿಗೆ ಬಿಡುವುದಕ್ಕೆ 310. ಇದನ್ನು ಹೆದರುತ್ತಲೇ ಕೇಳಿದ್ದೆ. ಕೆಲಸವಿಲ್ಲದಿದ್ದರೆ ಬಿಡುತ್ತಿದ್ದೆಯಾ ಎಂದರು. ಇಲ್ಲ. ಹಾಗಾದರೆ ಕಳೆ. ಉಳಿದದ್ದು 1,150. ಇವರದು 4,980. ಒಟ್ಟು 6,130, ಮಾಸೆರ್ 613. ಮನೆ ಬಾಡಿಗೆ, ದಿನಸಿ, ಕಾರಿನ ಕಂತು, ಅಂಗಡಿಯಲ್ಲಿ ಕಟ್ಟುವ ಸೇಲ್ಸ್ ಟ್ಯಾಕ್ಸ್ ಯಾವುದೂ ಕಳೆಯುವ ಪಟ್ಟಿಯಲ್ಲಿಲ್ಲ. ಅತ್ತೆ ಹುಟ್ಟುಹಬ್ಬಕ್ಕೆ ಕೊಟ್ಟ ನಗದಿಗೂ ಪಾಲು ಹಾಕುತ್ತೇವೆ.

ಜನ ಜಾಸ್ತಿ ಮರೆಯುವುದು ತೆರಿಗೆ ವಾಪಸ್ ಬಂದಾಗ. ವರ್ಷವಿಡೀ ತೆರಿಗೆಯನ್ನು ಕಳೆದು ಲೆಕ್ಕ ಹಾಕಿರುತ್ತೇವೆ. ಏಪ್ರಿಲಿನಲ್ಲಿ ಸರ್ಕಾರ 1,840 ಹಿಂದಕ್ಕೆ ಕೊಟ್ಟರೆ ಅದು ಪಾಲು ಹಾಕದೇ ಉಳಿದಿದ್ದ ಆದಾಯ. 184 ಬರೆಯಬೇಕು. ಅಂಗಡಿಯಲ್ಲಿ ಅಪ್ಪ ವಾಪಸ್ ಬಂದ ಖಾಲಿ ಸೋಡಾ ಬಾಟಲಿಗಳನ್ನೂ ಜಮಾ ಬರೆಸುತ್ತಿದ್ದರು, ಆ ಅಭ್ಯಾಸ ಇಲ್ಲಿ ಕೈಹಿಡಿಯಿತು.

ಪಾಲು ಎತ್ತಿಡುವುದು ಅರ್ಧ ಕೆಲಸ. ಅದು ಎಲ್ಲಿಗೆ ಹೋಗಬಹುದು ಅನ್ನುವುದು ಇನ್ನರ್ಧ. ನನ್ನ ತಲೆಯಲ್ಲಿ ಇದ್ದದ್ದು ಮುಡಿಪು. ಅಜ್ಜಿ ಅರಿಶಿನದ ಬಟ್ಟೆಯಲ್ಲಿ ತಿರುಪತಿಗೆ ಕಟ್ಟಿಡುತ್ತಿದ್ದರಲ್ಲ, ಹಾಗೆ. ಸಿನಗಾಗಿನ, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರದ, ದೀಪಕ್ಕೆ, ಪುಸ್ತಕಕ್ಕೆ ಕೊಟ್ಟದ್ದನ್ನೆಲ್ಲ ಮಾಸೆರ್ ಕಾಲಮ್ಮಿಗೆ ಹಾಕುತ್ತಿದ್ದೆ. ಆದರೆ 16ನೇ ಶತಮಾನದಲ್ಲಿ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸೆರ್ಲೆಸ್ ಬರೆದಿಟ್ಟಿದ್ದಾರೆ: ಸಿನಗಾಗಿನ ದೀಪಕ್ಕೂ ಅಂಥ ಕೆಲಸಕ್ಕೂ ಇದನ್ನು ಬಳಸಬೇಡ, ಬಡವರಿಗೆ ಕೊಡು. ಆಮೇಲಿನವರು ಇದರಲ್ಲಿ ಒಂದಿಷ್ಟು ಸಡಿಲ ಮಾಡಿದ್ದಾರೆ. ನಾವು ಮಾಡಿಲ್ಲ. ನಮ್ಮ ಮುಡಿಪಿಗೆ ದೇವರ ಹುಂಡಿ ಇದೆ, ಈ ಮುಡಿಪಿಗೆ ಹುಂಡಿ ಇಲ್ಲ.

ಸಂಸ್ಥೆಗಳ ಔತಣಕೂಟಕ್ಕೂ ಒಂದು ಲೆಕ್ಕ. ಟಿಕೆಟ್ 180 ಡಾಲರ್. ಇಲ್ಲಿನ ಕಾನೂನಿನ ಪ್ರಕಾರ 75 ಡಾಲರಿಗಿಂತ ಜಾಸ್ತಿ ತೆಗೆದುಕೊಂಡು ಬದಲಿಗೆ ಏನಾದರೂ ಕೊಟ್ಟರೆ ಅದರ ಬೆಲೆ ತಿಳಿಸಲೇಬೇಕು. ರಸೀದಿಯಲ್ಲಿ ಊಟಕ್ಕೆ 65 ಎಂದಿತ್ತು. ಮಾಸೆರ್‌ಗೆ 115 ಬರೆದೆ. ಊಟ ಅಷ್ಟು ಬೆಲೆಯದ್ದಾಗಿರಲಿಲ್ಲ, ಆದರೂ. ಮಕ್ಕಳ ಯೆಹೂದಿ ಶಾಲೆಯ ಫೀಸನ್ನು ಇದರಿಂದ ಕಟ್ಟಬಹುದಾ ಎಂದು ಇಲ್ಲಿ ಎಲ್ಲ ಮನೆಯವರೂ ಕೇಳುತ್ತಾರೆ. ಫೀಸ್ ಅಷ್ಟಿದೆ. ನಮಗೆ ಬಂದ ಉತ್ತರ: ನಿನ್ನ ಮಗುವಿಗೆ ಕಲಿಸುವುದು ನಿನ್ನ ಕರ್ತವ್ಯ, ಕೈಲಾಗುವವರೆಗೆ ಜೇಬಿನಿಂದ ಕಟ್ಟು. ಬೇರೆ ಮಕ್ಕಳ ನೆರವಿನ ನಿಧಿಗೆ ಅಂತ ಕೊಡುವುದು ಮಾತ್ರ ಮಾಸೆರ್.

ನನಗೆ ನಿಜವಾಗಿ ಚುರುಕ್ ಅಂದದ್ದು ಅಮ್ಮನ ವಿಷಯದಲ್ಲಿ. ತುಮಕೂರಿಗೆ ತಿಂಗಳಿಗೆ 150 ಡಾಲರ್ ಕಳಿಸುತ್ತೇನೆ. ಹತ್ತಿರದ ಬಂಧುಗಳಿಗೇ ಮೊದಲು ಕೊಡಬೇಕು, ಆಮೇಲೆ ನಿನ್ನ ಊರಿನ ಬಡವರು, ಆಮೇಲೆ ಪರ ಊರಿನವರು ಎಂಬ ನಿಯಮ ಓದಿದ್ದೆ. ಅಮ್ಮನಿಗಿಂತ ಹತ್ತಿರದವರು ಯಾರು? ಆರು ತಿಂಗಳು ಅದನ್ನು ಮಾಸೆರ್ ಕಾಲಮ್ಮಿನಲ್ಲಿ ಹಾಕಿದೆ. ಒಂದು ದಿನ ಫೋನಿನಲ್ಲಿ ಮಾತು ಮಾತಿಗೆ ಬಂದು ಅಮ್ಮನಿಗೆ ಹೇಳಿಯೂಬಿಟ್ಟೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ.

"ಅಂದ್ರೆ ನಂಗೆ ಧರ್ಮದ ದುಡ್ಡು ಕಳಿಸ್ತಿದ್ದೀಯೇನೇ?"

ರಬ್ಬಿ ಇದನ್ನು ಕೇಳಿ ನಗಲಿಲ್ಲ. ನಿಮ್ಮ ಅಮ್ಮ ತಾಲ್ಮುದ್ ಓದಿದ್ದಾರಾ ಎಂದರು. ತಾಲ್ಮುದ್ ಅಂದರೆ ಯೆಹೂದಿಗಳ ಹಳೆಯ ಧರ್ಮಶಾಸ್ತ್ರದ ಗ್ರಂಥ. ಬಡವರ ಪಾಲಿನಿಂದ ತಂದೆಯನ್ನು ಸಾಕುವವನಿಗೆ ಶಾಪ ತಗಲಲಿ ಎಂದೇ ಅದರಲ್ಲಿದೆಯಂತೆ. ಮಕ್ಕಳ ಕೈಯಲ್ಲಿ ಬೇರೆ ದುಡ್ಡಿದ್ದರೆ ಹೆತ್ತವರಿಗೆ ಕೊಡುವುದು ಸ್ವಂತದ್ದರಿಂದಲೇ ಆಗಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೆ ಮಾತು ಬೇರೆ. ಆ 900 ಡಾಲರನ್ನು ಕಾಲಮ್ಮಿನಿಂದ ತೆಗೆದೆ. ಅಷ್ಟು ಬಾಕಿ ಬಿತ್ತು. ತಿಂಗಳಿಗೆ 75ರಂತೆ ಒಂದು ವರ್ಷ ತೀರಿಸಿದೆವು. ಅಮ್ಮನ 150 ಈಗ ದಿನಸಿಯ ಕೆಳಗಿನ ಸಾಲಿನಲ್ಲಿದೆ, ಮನೆ ಖರ್ಚಿನಲ್ಲಿ.

ಅಮ್ಮನ ಮನೆ ಕೆಲಸಕ್ಕೆ ಬರುವ ಅಕ್ಕನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳ ಫೀಸಿಗೆ ಕಳಿಸುವುದನ್ನು ಮಾತ್ರ ಮಾಸೆರ್‌ನಲ್ಲೇ ಬರೆಯುತ್ತೇನೆ. ಯೆಹೂದಿಯಲ್ಲದ ಬಡವರಿಗೂ ನಮ್ಮ ಬಡವರ ಜೊತೆಗೇ ಕೊಡಬೇಕು ಎಂಬ ಮಾತೂ ತಾಲ್ಮುದ್‌ನಲ್ಲೇ ಇದೆ. ಇದನ್ನು ರಬ್ಬಿಯೇ ಎದ್ದು ಹೋಗಿ ಪುಟ ತೆಗೆದು ತೋರಿಸಿದರು.

ನನ್ನ ಶೀಟಿನಲ್ಲಿ ನಾಲ್ಕೇ ಕಾಲಂ: ಬಂದದ್ದು, ಕಳೆದದ್ದು, ಕೊಡಬೇಕಾದದ್ದು, ಕೊಟ್ಟದ್ದು. ಸಂಬಳ ಬಂದ ದಿನವೇ 613 ಬೇರೆ ಖಾತೆಗೆ ಹೋಗುತ್ತದೆ. ತಿಂಗಳ ಕೊನೆಗೆ ನೋಡೋಣ ಅಂದರೆ ಏನೂ ಉಳಿದಿರುವುದಿಲ್ಲ, ಮಾಡಿ ನೋಡಿದ್ದೇನೆ. ಅತ್ತೆಯ ಪದ್ಧತಿಯಲ್ಲಿ ಶೀಟೇ ಇಲ್ಲ. ಶುಕ್ರವಾರ ಸಂಜೆ ಶಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ, ದೀಪ ಹಚ್ಚುವ ಮುಂಚೆ ಪುಷ್ಕೆಗೆ, ಅಂದರೆ ಕಾಣಿಕೆ ಡಬ್ಬಿಗೆ, ಟಣ್ ಎಂದು ಚಿಲ್ಲರೆ ಹಾಕುತ್ತಾರೆ. ನಾನೂ ಹಾಕುತ್ತೇನೆ. ಆ ಚಿಲ್ಲರೆ ಲೆಕ್ಕಕ್ಕಿಲ್ಲ. ಪೂರಿಮ್ ಹಬ್ಬದ ದಿನ ಇಬ್ಬರು ಬಡವರಿಗೆ ಕೊಡಲೇಬೇಕಾದ ದುಡ್ಡನ್ನೂ ಮಾಸೆರ್‌ನಿಂದ ತೆಗೆಯುವುದಿಲ್ಲ.

ವರ್ಷದ ಲೆಕ್ಕ ಮುಗಿಸುವುದು ಹೊಸ ವರ್ಷ ರೋಶ್ ಹಶನಾಕ್ಕೆ ಮುಂಚಿನ ಎಲುಲ್ ತಿಂಗಳಲ್ಲಿ. ಈ ಸಲ ಕೂಡಿಸಿ ಕಳೆದಾಗ ಬಾಕಿ 37 ಡಾಲರ್. ಆದರೆ ಇಲ್ಲಿ ಯಾರೂ 37 ಕೊಡುವುದಿಲ್ಲ. ನಾವು ಮದುವೆ ಮನೆಯಲ್ಲಿ ಮುಯ್ಯಿಗೆ 101, 501 ಅನ್ನುವ ಹಾಗೆ ಇವರದು 18ರ ಮಗ್ಗಿ. ಹೀಬ್ರೂ ಅಕ್ಷರಗಳಿಗೆ ಬೆಲೆ ಇದೆ. ಜೀವ ಎಂಬ ಅರ್ಥದ 'ಖೈ' ಪದದ ಎರಡು ಅಕ್ಷರ ಕೂಡಿದರೆ 8 ಮತ್ತು 10, ಹದಿನೆಂಟು. (ನನ್ನ ಮೊದಲ ವರ್ಷದ ತಪ್ಪು 504 ಕೂಡ ಹದಿನೆಂಟು ಇಪ್ಪತ್ತೆಂಟ್ಲಿ. ಇವರು ಅದನ್ನು ಕಂಡುಹಿಡಿದು ಮನೆ ತುಂಬಾ ಹೇಳಿಕೊಂಡು ಓಡಾಡಿದರು.) 37 ಇದ್ದಲ್ಲಿ 54 ಕೊಟ್ಟೆವು. ಜಾಸ್ತಿ ಹೋದ 17ನ್ನು ಮುಂದಿನ ವರ್ಷದ ಪಾಲಿನಲ್ಲಿ ಮುರಿದುಕೊಳ್ಳಬಹುದು, ಆದರೆ ಕೊಡುವ ಮುಂಚೆಯೇ ಹಾಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಇಟ್ಟುಕೊಂಡಿದ್ದೆನಾ ಎಂದು ಇವರು ಕೇಳಿದರು. ಸುಮ್ನೆ ಒಂದು ನಿಮಿಷ ಯೋಚಿಸಿದೆ. ಇಲ್ಲ. ಹೊಸ ಶೀಟಿನ ಮೊದಲ ಸಾಲಿನಲ್ಲಿ ಬರೆದಿದ್ದ ಮೈನಸ್ 17ನ್ನು ಅಳಿಸಿ ಸೊನ್ನೆ ಹಾಕಿದೆ.