ಸೈಕಲ್‌ಗೆ ಮನೆಯಲ್ಲೇ ಗಾಳಿ: ಪಂಪ್‌ಗಿಂತ ಮೊದಲು ವಾಲ್ವ್ ನೋಡಿ

‘ಪಂಪ್ ಕೆಟ್ಟಿದೆ, ಬದಲಾಯಿಸಿಕೊಡಿ’ ಎಂದು ಸೈಕಲ್ ಅಂಗಡಿಗೆ ವಾಪಸ್ ಬರುವ ಪಂಪ್‌ಗಳಲ್ಲಿ ನಿಜವಾಗಿ ಕೆಟ್ಟಿರುವಂಥವು ಕಡಿಮೆ. ಹಿಡಿ ಒತ್ತಿದರೆ ಗಾಳಿ ಬರುತ್ತದೆ, ಮೀಟರಿನ ಮುಳ್ಳೂ ಏಳುತ್ತದೆ, ಟೈರ್ ಮಾತ್ರ ಮೆತ್ತಗೇ ಇರುತ್ತದೆ. ಎಡವಟ್ಟು ಆಗಿರುವುದು ಪೈಪಿನ ತುದಿ ವಾಲ್ವ್‌ಗೆ ಕೂರುವ ಜಾಗದಲ್ಲಿ. ಹಾಗಾಗಿ ಇಲ್ಲಿ ಆ ಒಂದು ಹಂತಕ್ಕೇ ಹೆಚ್ಚು ಮಾತು.

ಮೊದಲು ನಿಮ್ಮ ಸೈಕಲ್‌ನ ವಾಲ್ವ್ ಯಾವುದು ನೋಡಿಕೊಳ್ಳಿ. ದಪ್ಪಗಿದ್ದು, ಇಣುಕಿದರೆ ನಡುವೆ ಪುಟ್ಟ ಪಿನ್ ಕಾಣುವುದು ಶ್ರೇಡರ್. ಸ್ಕೂಟರ್, ಕಾರುಗಳದ್ದೂ ಇದೇ. ಎಂಟಿಬಿ (ಮೌಂಟನ್ ಬೈಕ್), ಹೈಬ್ರಿಡ್ ಮತ್ತು ಮಕ್ಕಳ ಗೇರ್ ಸೈಕಲ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಪೆನ್ಸಿಲ್‌ಗಿಂತ ಸಣ್ಣಗಿದ್ದು, ತುದಿಯಲ್ಲಿ ತಿರುಗಿಸುವ ನಟ್ ಇರುವುದು ಪ್ರೆಸ್ಟಾ. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ರೋಡ್ ಬೈಕ್‌ಗಳಲ್ಲಿ ಕಾಣುವುದು ಅದು. ಮೂರನೆಯದು ವುಡ್ಸ್ ವಾಲ್ವ್, ಡನ್‌ಲಪ್ ಎಂದೂ ಕರೆಯುತ್ತಾರೆ. ಮಂಡ್ಯ ಕಡೆ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ಕರಿ ಸೈಕಲ್‌ಗಳಲ್ಲಿ ಇರುವುದು ಇದೇ. ಒಳಗಿನ ಹಿತ್ತಾಳೆ ತುಂಡಿನ ಮೇಲೆ ತೆಳು ರಬ್ಬರ್ ಹಾಕಿರುತ್ತಾರೆ; ಅಂಗಡಿಯಲ್ಲಿ ‘ವಾಲ್ವ್ ಟ್ಯೂಬ್ ಕೊಡಿ’ ಎಂದು ಕೇಳುತ್ತೇವಲ್ಲ, ಅದು. ಒಂದೇ ಮನೆಯಲ್ಲಿ ಅಪ್ಪನದೊಂದು, ಮಗಳದೊಂದು, ತಾತನದೊಂದು ಎಂದು ಮೂರೂ ಇರುವುದುಂಟು.

ಪಂಪ್ ಕೊಳ್ಳುವಾಗ

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ ‘160 ಪಿಎಸ್‌ಐ’, ‘200 ಪಿಎಸ್‌ಐ’ಗೆ ಮರುಳಾಗಬೇಡಿ. ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ. ಅಷ್ಟು ಗಾಳಿ ಹಿಡಿಯುವ ಟೈರ್ ನಿಮ್ಮ ಮನೆಯಲ್ಲಿ ಇರುವುದಿಲ್ಲ. ನೋಡಬೇಕಾದದ್ದು ಕೊಳವೆಯ ಗಾತ್ರ. ಉದ್ದವಾಗಿ ಸಪೂರವಾಗಿರುವ ಕೊಳವೆಯಲ್ಲಿ ಒಂದೊಂದು ಒತ್ತಿಗೆ ಹೋಗುವ ಗಾಳಿ ಕಡಿಮೆ, ಆದರೆ ಒತ್ತಡ ಸುಲಭವಾಗಿ ಏರುತ್ತದೆ. ರೋಡ್ ಬೈಕ್‌ಗೆ ಅದು ಸರಿ. ದಪ್ಪ ಕೊಳವೆಯದು ಎಂಟಿಬಿಯ ದೊಡ್ಡ ಟೈರನ್ನು ಬೇಗ ತುಂಬಿಸುತ್ತದೆ, ಆದರೆ 80 ಪಿಎಸ್‌ಐ ದಾಟಿದ ಮೇಲೆ ಹಿಡಿಯ ಮೇಲೆ ಜೋತುಬಿದ್ದರೂ ಇಳಿಯುವುದಿಲ್ಲ.

ಕೊಳವೆ ಸ್ಟೀಲ್ ಅಥವಾ ಅಲ್ಯೂಮಿನಿಯಂ ಇರಲಿ. ಕಾಲಿಡುವ ಅಡಿಭಾಗ ಪ್ಲಾಸ್ಟಿಕ್ ಆಗಿದ್ದರೆ ಅಂಗಡಿಯಲ್ಲೇ ಎರಡೂ ಕಾಲಿಟ್ಟು ನೋಡಿ, ಬಳುಕಿದರೆ ಬೇಡ. ಪೈಪ್ ಒಂದು ಮೀಟರ್‌ಗೆ ಕಡಿಮೆ ಇರಬಾರದು. ಗಿಡ್ಡ ಪೈಪ್ ಆದರೆ ಪ್ರತಿ ಒತ್ತಿಗೂ ವಾಲ್ವ್‌ ಅನ್ನು ಎಳೆದಾಡುತ್ತದೆ.

ಮೀಟರ್ ಬೇಕೇ ಬೇಕು. ಹೆಬ್ಬೆರಳಲ್ಲಿ ಅದುಮಿ ನೋಡುವುದು ಕರಿ ಸೈಕಲ್‌ಗೆ ನಡೆಯುತ್ತದೆ. ಸಣ್ಣ ಟೈರ್ 60 ದಾಟಿದ ಮೇಲೆ ಬೆರಳಿಗೆ ಎಲ್ಲವೂ ಕಲ್ಲೇ, 70 ಯಾವುದು, 100 ಯಾವುದು ಎಂದು ತಿಳಿಯುವುದಿಲ್ಲ. ಸೊನ್ನೆಯಿಂದ 160ರವರೆಗೆ ಗುರುತಿರುವ ಪುಟ್ಟ ಮೀಟರಿನಲ್ಲಿ ಎಂಟಿಬಿಯ 30–35 ಓದುವುದು ಮಾತ್ರ ಅಂದಾಜಿನ ಕೆಲಸ. ದಪ್ಪ ಟೈರಿನವರು ಚಿಕ್ಕ ಅಂಕಿಗಳ ನಡುವೆ ಜಾಗ ಬಿಟ್ಟಿರುವ ಮೀಟರ್ ಹುಡುಕಬೇಕು.

ಇನ್ನು ಪೈಪಿನ ತುದಿಯ ಹೆಡ್. ಎರಡು ತೂತಿನ ಹೆಡ್‌ನಲ್ಲಿ ದೊಡ್ಡದು ಶ್ರೇಡರ್‌ಗೆ, ಚಿಕ್ಕದು ಪ್ರೆಸ್ಟಾಗೆ. ವುಡ್ಸ್ ವಾಲ್ವ್ ಸಾಮಾನ್ಯವಾಗಿ ಚಿಕ್ಕ ತೂತಿಗೇ ಕೂರುತ್ತದೆ. ಒಂದೇ ತೂತಿದ್ದು ಎರಡಕ್ಕೂ ತಾನೇ ಹೊಂದಿಕೊಳ್ಳುವ ಹೆಡ್‌ಗಳೂ ಬಂದಿವೆ. ಇನ್ನೊಂದು ಥರದಲ್ಲಿ ಮುಚ್ಚಳ ಬಿಚ್ಚಿ ಒಳಗಿನ ರಬ್ಬರ್ ಮತ್ತು ಪ್ಲಾಸ್ಟಿಕ್ ತುಂಡನ್ನು ತಿರುವಿ ಹಾಕಬೇಕು. ಅದು ತಲೆನೋವು, ಆ ಪುಟ್ಟ ತುಂಡು ಒಂದು ದಿನ ಕಳೆದೇ ಹೋಗುತ್ತದೆ. ಎರಡು ತೂತಿನದನ್ನೇ ಕೊಳ್ಳಿ.

ಮನೆಯಲ್ಲಿ ಕರಿ ಸೈಕಲ್ ಒಂದೇ ಇದ್ದರೆ ಇದ್ಯಾವುದೂ ಬೇಡ. ಕಬ್ಬಿಣದ ಕೊಳವೆ, ಮರದ ಹಿಡಿ, ಚರ್ಮದ ವಾಷರ್ ಇರುವ ಹಳೇ ಥರದ ಪಂಪ್ ಸಾಕು. ಅದಕ್ಕೆ ಬೇಕಾದ ವಾಷರ್ ಯಾವ ಪಂಚರ್ ಅಂಗಡಿಯಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲಿ ತರಿಸಿದ ಹೆಸರಿಲ್ಲದ ಪಂಪ್‌ಗೆ ಸಿಗುವುದಿಲ್ಲ. ಕಾಲಲ್ಲಿ ತುಳಿಯುವ ಪಂಪ್ ಸ್ಕೂಟರ್‌ಗೆ ಇರಲಿ. ಸಣ್ಣ ಟೈರಿಗೆ 80 ಹಿಡಿಸುವಷ್ಟರಲ್ಲಿ ಅದರ ಕೀಲು ಓರೆಯಾಗಿರುತ್ತದೆ.

ಎಷ್ಟು ಗಾಳಿ?

ಟೈರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಧೂಳು ಒರೆಸಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ‘ಮ್ಯಾಕ್ಸ್’ ಎಂದಿದ್ದರೆ ಅದು ದಾಟಬಾರದ ಗೆರೆ, ಅಷ್ಟು ಹಿಡಿಸಲೇಬೇಕು ಎಂದಲ್ಲ. ಬಾರ್ ಲೆಕ್ಕದಲ್ಲಿದ್ದರೆ 14.5ರಿಂದ ಗುಣಿಸಿ, ಪಿಎಸ್‌ಐ ಸಿಗುತ್ತದೆ. 70 ಕೆ.ಜಿ. ಆಸುಪಾಸಿನವರಿಗೆ 25 ಎಂಎಂ ಟೈರ್ ಆದರೆ ಹಿಂದಕ್ಕೆ 85–90, 28 ಎಂಎಂಗೆ 70–75, 35 ಎಂಎಂ ಹೈಬ್ರಿಡ್‌ಗೆ 50–55, ಎರಡು ಇಂಚಿನ ಎಂಟಿಬಿಗೆ ಡಾಂಬರಿನ ಮೇಲೆ 35–40ರಿಂದ ಶುರು ಮಾಡಬಹುದು. ಮುಂದಿನ ಚಕ್ರಕ್ಕೆ ಭಾರ ಕಡಿಮೆ, ಐದಾರು ಪಿಎಸ್‌ಐ ಇಳಿಸಿ. ಆದರೆ ಟೈರಿನ ಮೇಲೆ ಬರೆದ ಕನಿಷ್ಠಕ್ಕಿಂತ ಕೆಳಗೆ ಹೋಗಬೇಡಿ. ಗುಂಡಿಗೆ ಬಿದ್ದಾಗ ರಿಮ್‌ಗೂ ರಸ್ತೆಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಅಕ್ಕಪಕ್ಕ ಬೀಳುತ್ತವೆ. ನಾಲೆ ಏರಿಯ ಮಣ್ಣು ರಸ್ತೆಯಲ್ಲಿ ಹೋಗುವ ದಿನ ಐದು ಕಮ್ಮಿ ಇದ್ದರೆ ಹಿಡಿತ ಚೆನ್ನ. ಜಾಲಿ ಮುಳ್ಳಿಗೆ ಮಾತ್ರ ಯಾವ ಅಂಕಿಯೂ ಮದ್ದಲ್ಲ.

ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ ಎಂದು ಅರ್ಧ ಗಾಳಿ ಇಟ್ಟುಕೊಂಡು ಓಡಾಡುವವರಿದ್ದಾರೆ. ಹತ್ತು ಡಿಗ್ರಿ ಬಿಸಿ ಏರಿದರೆ 60 ಪಿಎಸ್‌ಐ ಟೈರಿನಲ್ಲಿ ಏರುವುದು ಎರಡರಿಂದ ಮೂರು ಪಿಎಸ್‌ಐ ಅಷ್ಟೆ. ಬಿಸಿಲಿಗೆ ಒಡೆದ ಟೈರ್ ಮೊದಲೇ ಸವೆದಿತ್ತು, ಇಲ್ಲವೇ ಮಿತಿಗೆ ತಾಗುವಂತೆ ತುಂಬಿಸಿದ್ದರು, ಇಲ್ಲವೇ ಅಂಚು ರಿಮ್‌ನಲ್ಲಿ ಸರಿಯಾಗಿ ಕೂತಿರಲಿಲ್ಲ. ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇರುವವರ ರಿಮ್ ಕಾಯುತ್ತದೆ, ರಿಮ್ ಬ್ರೇಕ್ ಇದ್ದವರು ಗರಿಷ್ಠ ಗಾಳಿಯಲ್ಲಿ ಇಳಿಯದಿರುವುದು ಒಳ್ಳೆಯದು.

ಈಗ ಕೆಲಸ

ಸೈಕಲ್ ಗೋಡೆಗೆ ಒರಗಿಸಿ, ಪೈಪ್ ಎಳೆಯದೆ ಸಿಗುವ ಕಡೆಗೆ ವಾಲ್ವ್ ತನ್ನಿ. ಕ್ಯಾಪ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಟೈರ್ ಪೂರ್ತಿ ಇಳಿದಿದ್ದರೆ ವಾಲ್ವ್ ನೆಟ್ಟಗಿದೆಯೇ ನೋಡಿ. ಓರೆಯಾಗಿದ್ದರೆ ಟ್ಯೂಬ್ ಜಾರಿದೆ ಎಂದರ್ಥ. ಹಾಗೇ ಗಾಳಿ ತುಂಬಿದರೆ ವಾಲ್ವ್‌ನ ಬುಡದಲ್ಲಿ ಟ್ಯೂಬ್ ಹರಿಯುತ್ತದೆ, ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಟೈರನ್ನು ಎರಡೂ ಕೈಯಲ್ಲಿ ಹಿಡಿದು ಜರುಗಿಸಿ ನೆಟ್ಟಗೆ ಮಾಡಿ.

ಎಡವುವುದು ಇನ್ನು ಮುಂದೆ.

ಪ್ರೆಸ್ಟಾ ಆದರೆ ತುದಿಯ ನಟ್ಟನ್ನು ಮೇಲಕ್ಕೆ ಪೂರ್ತಿ ತಿರುಗಿಸಿ. ಅದು ಕಳಚಿ ಬರುವುದಿಲ್ಲ, ಹೆದರಬೇಡಿ. ಆಮೇಲೆ ಬೆರಳಿನಿಂದ ಅದನ್ನು ಒಮ್ಮೆ ಒತ್ತಿ, ‘ಚುಸ್’ ಎನ್ನಬೇಕು. ತುಂಬ ದಿನ ಮುಟ್ಟದ ವಾಲ್ವ್‌ನ ಒಳಗಿನ ರಬ್ಬರ್ ಅಂಟಿಕೊಂಡಿರುತ್ತದೆ. ಈ ಒಂದು ಒತ್ತು ತಪ್ಪಿಸಿದವರೇ ಮುಳ್ಳು ಮೊದಲ ಒತ್ತಿಗೇ 100ಕ್ಕೆ ಹಾರಿತು, ಟೈರ್ ತುಂಬಲಿಲ್ಲ ಎನ್ನುವುದು. ಮುಳ್ಳು ತೋರಿಸಿದ್ದು ಪೈಪಿನೊಳಗಿನ ಒತ್ತಡ, ಗಾಳಿ ವಾಲ್ವ್ ದಾಟಿಯೇ ಇರಲಿಲ್ಲ.

ಹೆಡ್ ಮೇಲಿನ ಬಿಗಿ ಮಾಡುವ ಲಿವರ್ ಸಡಿಲ ಇರುವ ಸ್ಥಿತಿಯಲ್ಲಿ ಹೆಡ್ಡನ್ನು ನೇರವಾಗಿ ಒತ್ತಿ. ತುದಿಯಲ್ಲಿ ಸ್ವಲ್ಪ ಕಚ್ಚಿಕೊಂಡರೆ ಸಾಲದು, ಒಳಗಿನ ರಬ್ಬರ್ ವಾಲ್ವ್‌ನ ದಪ್ಪ ಭಾಗವನ್ನು ಹಿಡಿಯಬೇಕು. ಹಾಗೆಂದು ರಿಮ್ ಮುಟ್ಟುವವರೆಗೆ ತುರುಕಿದರೆ ಒಳಗಿನ ಕಡ್ಡಿ ಹೆಡ್‌ಗೆ ತಾಗಿ ಬಾಗುತ್ತದೆ. ವಾಲ್ವ್ ಒಳಕ್ಕೆ ಹೋಗುತ್ತಿದ್ದರೆ ಎದುರು ಬದಿಯಿಂದ ಹೆಬ್ಬೆರಳಲ್ಲಿ ಟೈರನ್ನು ಒತ್ತಿ ಹಿಡಿದುಕೊಳ್ಳಿ. ಈಗ ಲಿವರ್. ಎರಡು ತೂತಿನ ಹೆಡ್‌ಗಳಲ್ಲಿ ಹೆಚ್ಚಿನವು ಲಿವರ್ ಎದ್ದು ನಿಂತಾಗ ಬಿಗಿ, ಮಲಗಿದಾಗ ಸಡಿಲ. ಕೆಲವು ಕಂಪನಿಗಳದ್ದು ಉಲ್ಟಾ. ಅನುಮಾನವಿದ್ದರೆ ಬೆರಳನ್ನು ತೂತಿನ ಬಾಯಿಗಿಟ್ಟು ಲಿವರ್ ಆಡಿಸಿ, ರಬ್ಬರ್ ಯಾವಾಗ ಉಬ್ಬುತ್ತದೆ ಎಂದು ತಿಳಿಯುತ್ತದೆ. ಒಂದು ಕೈಯಲ್ಲಿ ಚಕ್ರದ ಕಡ್ಡಿಗಳನ್ನು ಆಧಾರ ಮಾಡಿಕೊಂಡು ಇನ್ನೊಂದು ಕೈಯಲ್ಲಿ ಲಿವರ್ ಎತ್ತಿ. ವಾಲ್ವ್ ಮೇಲೆ ಭಾರ ಬೀಳಬಾರದು.

ಶ್ರೇಡರ್‌ನಲ್ಲಿ ತೊಂದರೆ ಬೇರೆ. ಅದರ ನಡುವಿನ ಪಿನ್ನನ್ನು ಹೆಡ್‌ನೊಳಗಿನ ಮೊಟ್ಟು ಒತ್ತಿ ಹಿಡಿಯಬೇಕು. ಅರ್ಧ ಕೂರಿಸಿ ಲಿವರ್ ಎತ್ತಿದರೆ ಬಿಗಿಯಾಯಿತು ಅನಿಸುತ್ತದೆ, ಪಿನ್ ಒತ್ತಿಕೊಂಡೇ ಇರುವುದಿಲ್ಲ. ಕೂರಿಸುವಾಗ ಕ್ಷಣಕಾಲ ಗಾಳಿ ಸೀಟಿ ಹೊಡೆದು ನಿಂತರೆ ಸರಿ ಕೂತಿದೆ. ಸೀಟಿಯೇ ಬರದಿದ್ದರೆ ಇನ್ನೂ ಒತ್ತಿ, ನಿಲ್ಲದೆ ಬರುತ್ತಿದ್ದರೆ ಬಿಚ್ಚಿ ಮತ್ತೆ ಕೂರಿಸಿ. ಟೈರ್ ಪೂರ್ತಿ ಖಾಲಿ ಇದ್ದರೆ ಈ ಗುರುತು ಸಿಗುವುದಿಲ್ಲ, ಎರಡು ಒತ್ತು ಹಾಕಿ ಟೈರ್ ಮುಟ್ಟಿ ನೋಡಿ.

ವುಡ್ಸ್ ವಾಲ್ವ್‌ನಲ್ಲಿ ಗಾಳಿ ಆ ತೆಳು ರಬ್ಬರನ್ನು ಉಬ್ಬಿಸಿಕೊಂಡು ಒಳಗೆ ಹೋಗಬೇಕು. ಹಾಗಾಗಿ ಮುಳ್ಳು ಒತ್ತಿದಾಗ ಹಾರಿ, ಬಿಟ್ಟಾಗ ಇಳಿಯುತ್ತದೆ. ಆ ಅಂಕಿ ಟೈರಿನ ಗಾಳಿಯದಲ್ಲ, ಇಲ್ಲಿ ಹೆಬ್ಬೆರಳನ್ನೇ ನಂಬಿ. ಒತ್ತು ವಿಪರೀತ ಬಿಗಿಯಾಗಿದ್ದರೆ ರಬ್ಬರ್ ಅಂಟಿದೆ, ಹಾಕಿದ ಗಾಳಿ ರಾತ್ರಿ ಕಳೆಯುವುದರಲ್ಲಿ ಹೋಗುತ್ತಿದ್ದರೆ ಹರಿದಿದೆ. ಪಂಚರ್ ಎಂದು ಟೈರ್ ಬಿಚ್ಚಿಸುವ ಮೊದಲು ಇದನ್ನು ಬದಲಾಯಿಸಿ. ಮೇಲಿನ ನಟ್ ಬಿಚ್ಚಿ ಹಿತ್ತಾಳೆ ತುಂಡು ಎಳೆದರೆ ಗಾಳಿಯೆಲ್ಲ ಹೋಗುತ್ತದೆ, ಹೋಗಲಿ. ಹಳೇ ರಬ್ಬರ್ ಕೆರೆದು ತೆಗೆದು, ಹೊಸದನ್ನು ಒದ್ದೆ ಮಾಡಿ, ಪಕ್ಕದ ತೂತು ಮುಚ್ಚಿ ಮೇಲಿನ ದಪ್ಪ ಅಂಚಿನವರೆಗೂ ಮಡಿಕೆ ಬೀಳದಂತೆ ಏರಿಸಿ. ನಟ್ ಕೈಯಲ್ಲೇ ಬಿಗಿ ಮಾಡಿ. ಕಟಿಂಗ್ ಪ್ಲೇಯರ್ ಹಾಕಿದರೆ ರಬ್ಬರ್ ಅಲ್ಲೇ ತುಂಡಾಗುತ್ತದೆ.

ಇಲ್ಲಿಂದ ಮುಂದೆ ಸಲೀಸು. ಎರಡೂ ಕಾಲು ಅಡಿಭಾಗದ ಮೇಲೆ, ಮೊಣಕೈ ನೆಟ್ಟಗೆ, ಸೊಂಟದಿಂದ ಬಗ್ಗಿ ಮೈಭಾರ ಹಾಕಿ. ಹಿಡಿ ಪೂರ್ತಿ ಮೇಲೆ, ಪೂರ್ತಿ ಕೆಳಗೆ. ಅರ್ಧರ್ಧ ಒತ್ತಿದರೆ ಬೆವರು ಮಾತ್ರ ಬರುತ್ತದೆ, ಯಾಕೆಂದರೆ ಗಾಳಿ ವಾಲ್ವ್ ದಾಟುವುದು ಒತ್ತಿನ ಕೊನೆಯ ಭಾಗದಲ್ಲಿ. ಹೊಸ ಟ್ಯೂಬ್ ಹಾಕಿದ್ದರೆ ಹತ್ತು ಪಿಎಸ್‌ಐಗೆ ನಿಲ್ಲಿಸಿ, ಚಕ್ರ ತಿರುಗಿಸಿ, ಟೈರಿನ ಅಂಚಿನ ಗೆರೆ ರಿಮ್‌ನಿಂದ ಎಲ್ಲ ಕಡೆ ಒಂದೇ ಸಮ ಇದೆಯೇ ನೋಡಿ ಮುಂದುವರಿಸಿ.

ತೆಗೆಯುವಾಗ ಲಿವರ್ ಸಡಿಲಿಸಿ ನೇರವಾಗಿ, ಒಂದೇ ಸಲಕ್ಕೆ ಎಳೆಯಿರಿ. ಅಲ್ಲಾಡಿಸುತ್ತ ಓರೆಯಾಗಿ ಎಳೆದೇ ಪ್ರೆಸ್ಟಾದ ಕಡ್ಡಿ ಮುರಿಯುವುದು. ಆಗ ‘ಬುಸ್’ ಎಂದು ಬರುವುದು ಹೆಚ್ಚಾಗಿ ಪೈಪಿನಲ್ಲಿ ಉಳಿದ ಗಾಳಿ. ಅದಕ್ಕೆಂದು ಐದು ಪಿಎಸ್‌ಐ ಹೆಚ್ಚು ತುಂಬಿಸುವುದು ಬೇಕಿಲ್ಲ. ಪ್ರೆಸ್ಟಾದ ನಟ್ ಮತ್ತೆ ಮುಚ್ಚಿ, ಕ್ಯಾಪ್ ಹಾಕಿ. ತಿರುಗಿಸಿ ಕೂರಿಸುವ ಥರದ ಹೆಡ್ ಬಿಚ್ಚುವಾಗ ವಾಲ್ವ್‌ನ ಒಳಭಾಗವೇ ಕಳಚಿ ಬಂದರೆ ಅದನ್ನು ಸಣ್ಣ ಸ್ಪ್ಯಾನರ್‌ನಲ್ಲಿ ಒಮ್ಮೆ ಬಿಗಿ ಮಾಡಿಟ್ಟುಕೊಳ್ಳಿ.

ಟ್ಯೂಬ್‌ಲೆಸ್ ಟೈರ್ ಇದ್ದವರು ವಾಲ್ವ್‌ ಅನ್ನು ನೇರ ಕೆಳಗೆ ಇಟ್ಟು ಗಾಳಿ ಹೊಡೆಯಬೇಡಿ. ಗಡಿಯಾರದ ನಾಲ್ಕು ಇಲ್ಲವೇ ಎಂಟರ ಜಾಗಕ್ಕೆ ತನ್ನಿ, ಇಲ್ಲದಿದ್ದರೆ ಒಳಗಿನ ಸೀಲೆಂಟ್ (ತೂತು ಮುಚ್ಚುವ ದ್ರವ) ಪೈಪಿಗೆ, ಅಲ್ಲಿಂದ ಮೀಟರಿಗೆ ಸೇರಿ ಮುಳ್ಳು ಶಾಶ್ವತವಾಗಿ ನಿಲ್ಲುತ್ತದೆ.

ಪೆಟ್ರೋಲ್ ಬಂಕ್‌ನ ಗಾಳಿ ಸಣ್ಣ ಟೈರಿಗೆ ಬೇಡ. ಕಂಪ್ರೆಸರ್ ಕಾರಿನ ಟೈರಿಗೆ ಲೆಕ್ಕ ಹಾಕಿದ್ದು. ಸೈಕಲ್ ಟ್ಯೂಬ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ದಾಟುತ್ತದೆ. ದಾರಿಯಲ್ಲಿ ಬೇರೆ ಗತಿ ಇಲ್ಲದಿದ್ದರೆ ಪ್ರೆಸ್ಟಾಗೆ ಹಾಕುವ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿರಲಿ, ನಟ್ ತೆರೆದ ಮೇಲೆಯೇ ಅದನ್ನು ಕೂರಿಸಿ, ಬಿಟ್ಟು ಬಿಟ್ಟು ಹೊಡೆಸಿ.

ಪಂಪ್ ಸರಿಯಿಲ್ಲ ಅನಿಸಿದಾಗ

ಹಿಡಿ ಬಿಟ್ಟ ತಕ್ಷಣ ತಾನಾಗೇ ಮೇಲೇಳುತ್ತಿದ್ದರೆ ಅಡಿಭಾಗದ ವಾಲ್ವ್‌ನಲ್ಲಿ ಕಸ ಸೇರಿ ಗಾಳಿ ಹಿಂದಕ್ಕೆ ಬರುತ್ತಿದೆ. ಬಿಗಿಯೇ ಇಲ್ಲದೆ ಸುಮ್ಮನೆ ಇಳಿಯುತ್ತಿದ್ದರೆ ವಾಷರ್ ಒಣಗಿದೆ ಅಥವಾ ಮಗುಚಿಕೊಂಡಿದೆ. ಚರ್ಮದ ವಾಷರ್ ಆದರೆ ಬಿಚ್ಚಿ, ಅಂಚನ್ನು ಬೆರಳಿಂದ ಅಗಲಿಸಿ, ಹರಳೆಣ್ಣೆ ನಾಲ್ಕು ಹನಿ ಹಾಕಿ ರಾತ್ರಿ ನೆನೆಯಲು ಬಿಡಿ. ಕೊಬ್ಬರಿ ಎಣ್ಣೆ ಬೇಡ, ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಗಟ್ಟಿಯಾದಂತೆ ಕೊಳವೆಯಲ್ಲೂ ಆಗುತ್ತದೆ. ರಬ್ಬರ್ ರಿಂಗ್ ಇರುವ ಹೊಸ ಪಂಪ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಎಂಜಿನ್ ಆಯಿಲ್ ಹಾಕಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ.

ಮೊದಲು ಸವೆಯುವುದು ಹೆಡ್‌ನೊಳಗಿನ ರಬ್ಬರ್. ಲಿವರ್ ಎತ್ತಿದರೂ 60 ದಾಟುತ್ತಲೇ ಹೆಡ್ ಹಾರಿ ಬರತೊಡಗಿದರೆ ಅದು ಮುಗಿಯಿತು. ಕೊಳ್ಳುವ ದಿನವೇ ಒಂದು ಬಿಡಿ ರಬ್ಬರ್ ಕೇಳಿ ತನ್ನಿ. ‘ಅದು ಬಿಡಿಯಾಗಿ ಬರಲ್ಲ ಸಾರ್, ಹೆಡ್ಡೇ ಬದಲಾಯಿಸಬೇಕು’ ಎಂದು ಅಂಗಡಿಯವರು ಹೇಳಿದರೆ ಪಕ್ಕದಲ್ಲಿರುವ ಬೇರೆ ಕಂಪನಿಯ ಪಂಪ್ ತೆಗೆಸಿ ನೋಡಿ.