ಗುಹೆಯ ಕತ್ತಲು, ಅಂಗಳದ ಬಿಸಿಲು: ಎಚ್‌ಡಿಆರ್ ಫೋಟೊ ಬೆಸೆಯುವ ಬಗೆ

ಪುಣೆಯ ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ನಮ್ಮ ರಾಷ್ಟ್ರಕೂಟರ ಕಾಲದ ಗುಡಿ. 8ನೇ ಶತಮಾನದಲ್ಲಿ ಬಸಾಲ್ಟ್ ಬಂಡೆಯನ್ನೇ ಕೊರೆದು ಮಾಡಿದ್ದು. ಊರಿಂದ ನೆಂಟರು ಬಂದಾಗ ಇಲ್ಲಿಗೆ ಕರೆತರುವ ಪುಣೆ ಕನ್ನಡಿಗರು, ಒಳಗಿನ ಕಂಬಗಳ ನಡುವೆ ನಿಂತು ಹೊರಗಿನ ನಂದಿಮಂಟಪದತ್ತ ಕ್ಯಾಮೆರಾ ಹಿಡಿದರೆ ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ. ಕಂಬ ಕಂಡರೆ ಮಂಟಪ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಮಂಟಪ ಕಂಡರೆ ಕಂಬವೆಲ್ಲ ಮಸಿ. ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ, ಅಂದರೆ ಹೆಚ್ಚು ಕಡಿಮೆ ಬೆಳಕು ಒಳಬಿಟ್ಟು, ತೆಗೆದ ಫೋಟೊಗಳನ್ನು ಬೆಸೆಯುವ ತಂತ್ರಾಂಶ ಬೇಕಾಗುವುದು ಇಂಥ ಕಡೆಯೇ. ಕತ್ತಲು, ಬೆಳಕು ಎರಡೂ ಕಾಣುವಂತೆ ಹೀಗೆ ಮಾಡಿದ ಚಿತ್ರವೇ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್).

ಮೊದಲು ಕ್ಯಾಮೆರಾ ಕೆಲಸ. ಇಲ್ಲಿ ತಪ್ಪಿದರೆ ಯಾವ ತಂತ್ರಾಂಶವೂ ಕೈಹಿಡಿಯುವುದಿಲ್ಲ. ಮ್ಯಾನ್ಯುಅಲ್ ಮೋಡ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್), ಐಎಸ್‌ಒ (ಬೆಳಕಿಗೆ ಸಂವೇದನೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8. ಫೋಕಸ್ ಒಮ್ಮೆ ಹಿಡಿದು ಲಾಕ್ ಮಾಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಬಿಡಬೇಡಿ. ಫ್ರೇಮಿನಿಂದ ಫ್ರೇಮಿಗೆ ಬದಲಾಗಬೇಕಾದದ್ದು ಷಟರ್ ವೇಗ ಒಂದೇ. ಅಪರ್ಚರ್ ಬದಲಾದರೆ ಹಿನ್ನೆಲೆಯ ಮಸುಕೂ ಬದಲಾಗಿ ಅಂಚುಗಳು ಕೂಡುವುದಿಲ್ಲ. ಬಿಸಿಲು ಬಿದ್ದ ಮಂಟಪಕ್ಕೆ 1/500 ಸೆಕೆಂಡಿನಿಂದ ಶುರುಮಾಡಿ, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು) ಇಳಿಯುತ್ತ 1/125, 1/30, 1/8, 1/2, ಹೀಗೆ ಐದು ಫ್ರೇಮ್. ನಿಮ್ಮ ಕ್ಯಾಮೆರಾದ ಬ್ರಾಕೆಟಿಂಗ್ (ಬೇರೆ ಬೇರೆ ಎಕ್ಸ್‌ಪೋಷರ್‌ನ ಫ್ರೇಮುಗಳನ್ನು ತಾನೇ ತೆಗೆಯುವ ಸೌಲಭ್ಯ) ಮೂರಕ್ಕೇ ನಿಲ್ಲುವುದಾದರೆ ಕೈಯಿಂದಲೇ ಷಟರ್ ಡಯಲ್ ತಿರುಗಿಸಿ. ಸಾಮಾನ್ಯವಾಗಿ ಮೂರು ಕ್ಲಿಕ್ಕಿಗೆ ಒಂದು ಸ್ಟಾಪ್, ಅಂದರೆ ಪ್ರತಿ ಫ್ರೇಮಿಗೂ ಆರು ಕ್ಲಿಕ್. ಫ್ರೇಮ್ ಸಾಕಾಯಿತೇ ಎಂಬುದನ್ನು ಹಿಸ್ಟೊಗ್ರಾಂ (ಕತ್ತಲನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ) ಹೇಳುತ್ತದೆ: ಅತಿ ಕಪ್ಪು ಫ್ರೇಮಿನಲ್ಲಿ ಗುಡ್ಡ ಬಲಗೋಡೆಗೆ ತಾಗಿರಬಾರದು, ಅತಿ ಬೆಳಕಿನದರಲ್ಲಿ ಎಡಗೋಡೆಗೆ ಅಂಟಿರಬಾರದು.

ಇದು ಸಂರಕ್ಷಿತ ಸ್ಮಾರಕ, ಟ್ರೈಪಾಡ್ ಬಿಚ್ಚುವ ಮುಂಚೆ ಅನುಮತಿ ವಿಚಾರಿಸಿ. ಸಿಗದಿದ್ದರೆ ಐಎಸ್‌ಒ 800ಕ್ಕೆ ಏರಿಸಿ. ಆಗ 1/2 ಸೆಕೆಂಡಿನ ಫ್ರೇಮ್ 1/15ಕ್ಕೆ ಬರುತ್ತದೆ. ನೆಲದ ಮೇಲೆ ಕುಳಿತು ಮೊಣಕೈಯನ್ನು ಮಂಡಿಗೆ ಊರಿ ಒಂದೇ ಬೀಸಿನಲ್ಲಿ ಎಲ್ಲ ಫ್ರೇಮ್ ತೆಗೆಯಿರಿ.

ಮನೆಗೆ ಬಂದು ಕಂಪ್ಯೂಟರ್ ಮುಂದೆ ಕುಳಿತಾಗ ಎರಡು ದಾರಿಗಳಿವೆ. ಎರಡನ್ನೂ ಎಚ್‌ಡಿಆರ್ ಎಂದೇ ಕರೆಯುವುದರಿಂದ ಗೊಂದಲ ಬಹಳ. ಒಂದು, ಎಲ್ಲ ಫ್ರೇಮುಗಳಿಂದ ದೃಶ್ಯದ ನಿಜವಾದ ಬೆಳಕಿನ ಲೆಕ್ಕ ಕಟ್ಟಿ ಒಂದು ದೊಡ್ಡ ಫೈಲ್ ಮಾಡುವುದು, ಆಮೇಲೆ ಅದನ್ನು ಪರದೆಗೆ ಹಿಡಿಸುವಷ್ಟು ಕುಗ್ಗಿಸುವುದು. ಈ ಕುಗ್ಗಿಸುವ ಕೆಲಸವೇ ಟೋನ್ ಮ್ಯಾಪಿಂಗ್. ಇನ್ನೊಂದು ಎಕ್ಸ್‌ಪೋಷರ್ ಫ್ಯೂಷನ್: ಪ್ರತಿ ಫ್ರೇಮಿನಲ್ಲೂ ಚೆನ್ನಾಗಿ ಬಂದ ಭಾಗಕ್ಕೆ ಹೆಚ್ಚು ತೂಕ ಕೊಟ್ಟು ನೇರವಾಗಿ ಬೆರೆಸುವುದು. ಹೊಸಬರು ಎರಡನೆಯದರಿಂದ ಶುರುಮಾಡಲಿ. ಬಣ್ಣ ಕೆಡುವುದು ಕಡಿಮೆ, ತಿರುಗಿಸಬೇಕಾದ ಗುಂಡಿಗಳೂ ಕಡಿಮೆ.

ಫ್ಯೂಷನ್ನಿಗೆ ಹಗಿನ್ ಎಂಬ ತಂತ್ರಾಂಶ ಸಾಕು, ಉಚಿತ. ರಾ ಫೈಲುಗಳನ್ನು ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ, ಷಾರ್ಪನಿಂಗ್ (ಅಂಚು ಚೂಪಾಗಿಸುವುದು) ಇಲ್ಲದೆ, ಅಂಚಿನ ನೇರಳೆ ಗೆರೆ ತೆಗೆಯುವ ತಿದ್ದುಪಡಿಯೊಂದನ್ನು ಹಾಕಿ 16 ಬಿಟ್ ಟಿಫ್ ಮಾಡಿಕೊಳ್ಳಿ. 24 ಮೆಗಾಪಿಕ್ಸೆಲ್ಲಿನ ಒಂದು ಟಿಫ್ ಸುಮಾರು 144 ಎಂಬಿ, ಐದಕ್ಕೆ 720 ಎಂಬಿ. ಡಿಸ್ಕಿನಲ್ಲಿ ಜಾಗ ನೋಡಿಕೊಳ್ಳಿ. ಹಗಿನ್ ಜೊತೆಗೇ ಬರುವ ಅಲೈನ್ ಇಮೇಜ್ ಸ್ಟ್ಯಾಕ್‌ನಲ್ಲಿ ಫ್ರೇಮುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿ, ಬಂದದ್ದನ್ನು ಬೆರೆಸುವ ಕೆಲಸದ ಎನ್‌ಫ್ಯೂಸ್‌ಗೆ ಕೊಡಿ. ಅದರಲ್ಲಿ ಎಕ್ಸ್‌ಪೋಷರ್ ತೂಕ 1, ಸ್ಯಾಚುರೇಷನ್ ತೂಕ 0.2, ಕಾಂಟ್ರಾಸ್ಟ್ ತೂಕ 0 ಎಂದು ಮೊದಲೇ ಇರುತ್ತದೆ. ಕಲ್ಲಿನ ದೃಶ್ಯಕ್ಕೆ ಇದನ್ನು ಮುಟ್ಟದಿದ್ದರೇ ಒಳ್ಳೆಯದು.

ಮೊದಲ ದಾರಿಗೆ ಲೈಟ್‌ರೂಮ್ ಇದ್ದವರು ಐದೂ ರಾ ಫೈಲ್ ಆರಿಸಿ, ಫೋಟೊ ಮರ್ಜ್‌ನಲ್ಲಿ ಎಚ್‌ಡಿಆರ್ ಒತ್ತಿದರಾಯಿತು. ಹೊರಬರುವ ಡಿಎನ್‌ಜಿ ಫೈಲಿನಲ್ಲಿ ಎಕ್ಸ್‌ಪೋಷರ್ ಸ್ಲೈಡರ್ ಎರಡೂ ಕಡೆ 10 ಸ್ಟಾಪಿನವರೆಗೆ ಹೋಗುತ್ತದೆ, ಮಾಮೂಲಿನಂತೆ 5ಕ್ಕೆ ನಿಲ್ಲುವುದಿಲ್ಲ. ದುಡ್ಡು ಕೊಡದೆ ಇದೇ ಕೆಲಸ ಮಾಡುವುದು ಎಚ್‌ಡಿಆರ್‌ಮರ್ಜ್. ಡಾರ್ಕ್‌ಟೇಬಲ್‌ನಲ್ಲೂ ಸೌಲಭ್ಯವಿದೆ, ಆದರೆ ಅದು ಫ್ರೇಮುಗಳನ್ನು ಸರಿಹೊಂದಿಸುವುದಿಲ್ಲ, ಟ್ರೈಪಾಡಿನ ಫೋಟೊಗಳಿಗಷ್ಟೇ ಬಳಸಿ. ಲ್ಯೂಮಿನೆನ್ಸ್ ಎಚ್‌ಡಿಆರ್‌ನಲ್ಲಿ ಟೋನ್ ಮ್ಯಾಪಿಂಗ್ ಬಗೆಗಳು ಹಲವು. ಮಾಂಟಿಯುಕ್ 06 ಕಲ್ಲಿನ ಒರಟನ್ನು ಎತ್ತಿ ತೋರಿಸುತ್ತದೆ, ರೈನ್‌ಹಾರ್ಡ್ 02 ಸೌಮ್ಯ. ಫಟಾಲ್ ಬಳಸಿದರೆ ಎಚ್ಚರ: ಚಿಕ್ಕ ಅಳತೆಯಲ್ಲಿ ಕಂಡದ್ದೇ ಪೂರ್ತಿ ಅಳತೆಯಲ್ಲಿ ಬರುವುದಿಲ್ಲ, ಹಾಗಾಗಿ ಕೊನೆಯ ತೀರ್ಮಾನ ದೊಡ್ಡ ಅಳತೆಯಲ್ಲೇ ಆಗಲಿ. ಎಕ್ಸ್‌ಪೋಷರ್ ಮಾಹಿತಿ ಸಿಗದೆ ತಂತ್ರಾಂಶ ತಕರಾರು ತೆಗೆದರೆ, ಫೋಟೊ ವಾಟ್ಸಾಪ್ ಮೂಲಕ ಬಂದಿರಬಹುದು. ಅದು ಆ ಮಾಹಿತಿಯನ್ನು ಅಳಿಸಿಹಾಕುತ್ತದೆ. ಮೂಲ ಫೈಲ್ ತರಿಸಿಕೊಳ್ಳಿ.

ಈಗ ಕೆಡುವ ಕಡೆಗಳು. ಫಲಿತಾಂಶವನ್ನು ನೂರಕ್ಕೆ ನೂರು ಹಿಗ್ಗಿಸಿ ಕಂಬದ ಅಂಚನ್ನು ನೋಡಿ. ಕಪ್ಪು ಕಂಬ ಬೆಳಕಿನ ಅಂಗಳಕ್ಕೆ ತಾಗುವಲ್ಲಿ, ಕಲ್ಲಿಗೆ ಅಂಟಿಕೊಂಡಂತೆ ಬೂದು ಬಿಳಿಯ ಪಟ್ಟಿ ಕಂಡರೆ ಅದು ಹೇಲೊ. ತಂತ್ರಾಂಶ ಸುತ್ತಲಿನ ಸರಾಸರಿ ನೋಡಿ ಬೆಳಕು ಹಂಚುವುದರಿಂದ, ಅಂಚಿನಲ್ಲಿ ಎರಡೂ ಬದಿಯ ಲೆಕ್ಕ ಬೆರೆತು ಹೀಗಾಗುತ್ತದೆ. ಪರಿಣಾಮದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಬಾಗಿಲಿನ ಸುತ್ತ ಅಗಲವಾಗಿ ಹಾಲು ಚೆಲ್ಲಿದಂಥ ಮಬ್ಬಿದ್ದರೆ ಮಾತ್ರ ಅದು ಹೇಲೊ ಅಲ್ಲ, 1/2 ಸೆಕೆಂಡಿನ ಫ್ರೇಮಿನಲ್ಲಿ ಲೆನ್ಸಿನೊಳಗೇ ಚದುರಿದ ಬೆಳಕು. ಆ ಫ್ರೇಮ್ ಬಿಟ್ಟು ನಾಲ್ಕನ್ನೇ ಬೆಸೆದು ನೋಡಿ, ಮುಂದಿನ ಸಲ ಲೆನ್ಸಿನ ಬೆರಳಚ್ಚು ಒರೆಸಿಕೊಂಡು ಹೋಗಿ.

ಅಲುಗಾಡುವುದೆಲ್ಲ ದೆವ್ವವಾಗುತ್ತದೆ, ಅಂದರೆ ಬೆಸೆದ ಚಿತ್ರದಲ್ಲಿ ಮಸುಕು ನೆರಳಾಗಿ ಉಳಿಯುತ್ತದೆ: ಅಂಗಳದ ಮರದ ಎಲೆ, ಪ್ರದಕ್ಷಿಣೆ ಹಾಕುವವರು, ಗೋವಾ ಕಡಲತೀರದಲ್ಲಾದರೆ ತೆಂಗಿನ ಗರಿ. ಇದನ್ನು ತೆಗೆಯುವ ಲೈಟ್‌ರೂಮಿನ ಡಿಘೋಸ್ಟ್ ಅನ್ನು ಮೊದಲು ‘ಲೋ’ (ಕಡಿಮೆ) ಮಟ್ಟದಲ್ಲಿ ಹಾಕಿ, ಕೆಂಪು ಗುರುತು ಎಲ್ಲೆಲ್ಲಿ ಬೀಳುತ್ತದೆ ನೋಡಿ. ಗುರುತು ಬಿದ್ದ ಜಾಗಕ್ಕೆ ಒಂದೇ ಫ್ರೇಮಿನ ಚಿತ್ರ ಬರುವುದರಿಂದ ಅಲ್ಲಿ ನಾಯ್ಸ್ (ಕಾಳುಕಾಳಿನಂಥ ಚುಕ್ಕೆ) ಕಾಣಬಹುದು. ‘ಹೈ’ (ಹೆಚ್ಚು) ಹಾಕಿದರೆ ಅಲುಗದ ಕಲ್ಲಿಗೂ ಗುರುತು ಬಿದ್ದು ಕಂಬದ ಮೇಲೆ ತೇಪೆ ಹಾಕಿದಂತಾಗುತ್ತದೆ.

ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದ ಕಟ್ಟಡವನ್ನು ಇರುಳಿನ ದೀಪದಲ್ಲಿ ತೆಗೆಯುವವರಿಗೆ ಇನ್ನೊಂದು ತೊಡಕು. ನಮ್ಮ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/100ಕ್ಕಿಂತ ವೇಗದ ಫ್ರೇಮಿನಲ್ಲಿ ಪಟ್ಟೆ ಬೀಳಬಹುದು. 1/50ರಿಂದ ಶುರುಮಾಡಿ ಇನ್ನೂ ನಿಧಾನದ ವೇಗಗಳತ್ತಲೇ ಹೋಗಿ.

ಎಲ್ಲ ಸರಿಬಂದ ಮೇಲೂ ಚಿತ್ರ ಬೂದಿ ಬಳಿದಂತಿದ್ದರೆ ಕತ್ತಲನ್ನು ಅತಿಯಾಗಿ ಎತ್ತಿದ್ದೀರಿ. ಗರ್ಭಗುಡಿಯ ಮೂಲೆ ಕತ್ತಲಾಗಿಯೇ ಇರಲಿ, ಕಂಬದ ಮೇಲಿನ ಉಳಿಯ ಗುರುತು ಕಂಡರೆ ಸಾಕು. ಬ್ಲ್ಯಾಕ್ ಪಾಯಿಂಟ್ (ಅತಿ ಕಪ್ಪಿನ ಮಟ್ಟ) ಕೆಳಗಿಳಿಸಿ, ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ಜೆಪೆಗ್ ಮಾಡಿ, ಒಂದು ಸಲ ಫೋನಿನ ಪರದೆಯಲ್ಲೂ ನೋಡಿಕೊಳ್ಳಿ. ಮೂಲ ರಾ ಫೈಲುಗಳನ್ನು ಅಳಿಸಬೇಡಿ.