ಯಾವ ಹಾಡು ಅಂತ ಕೇಳಬೇಡಿ, ಎಲ್ಲಿ ಕೇಳಿದ್ದು ಅಂತ ಕೇಳಿ

ನಿಮ್ಮ ಇಷ್ಟದ ಹಾಡು ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಸ್ವಲ್ಪ ತಡವರಿಸಿ, ಎಲ್ಲರೂ ಹೇಳುವ ಹಾಡನ್ನೇ ಹೇಳುತ್ತಾರೆ. ಮಾತು ಅಲ್ಲಿಗೆ ಮುಗೀತು. ಅದೇ, 'ಈ ಹಾಡನ್ನ ಮೊದಲು ಎಲ್ಲಿ ಕೇಳಿದ್ರಿ?' ಅಂದರೆ ಮನೆ, ಬೀದಿ, ಟೇಪ್ ರೆಕಾರ್ಡರ್, ಅದನ್ನು ಯಾರಿಗೂ ಮುಟ್ಟಗೊಡದ ಅಣ್ಣ, ಎಲ್ಲರೂ ಒಟ್ಟಿಗೆ ಬರುತ್ತಾರೆ. ದಾವಣಗೆರೆಯ ನಮ್ಮ ಮನೆ ಮಾಳಿಗೆ ಮೇಲೆ ಕೆಲವು ವರ್ಷಗಳಿಂದ ಆಗಾಗ ಸೇರಿ ಹಾಡು ಕೇಳುತ್ತೇವೆ. ಗೆಳೆಯರು, ನೆಂಟರು, ಅವರ ಜೊತೆ ಬಂದವರು. ಆ ಒಂದು ಪ್ರಶ್ನೆ ಇರುವುದರಿಂದಲೇ ಅದು ಇನ್ನೂ ನಡೆಯುತ್ತಿದೆ.

ಒಬ್ಬರಿಗೆ ಒಂದೇ ಹಾಡು. ಮೊದಲು ಹಾಡು ಪೂರ್ತಿ ಕೇಳಬೇಕು, ಆಮೇಲೆ ಮಾತು. ಮೊದಲೇ ಕಥೆ ಹೇಳಿಬಿಟ್ಟರೆ ಜನ ಹಾಡಿನೊಳಗೆ ಆ ಕಥೆಯನ್ನೇ ಹುಡುಕುತ್ತಾ ಕೂರುತ್ತಾರೆ. ಸಂಗೀತ ಯಾರದು, ಯಾವ ಇಸವಿ ಅಂತ ಮಧ್ಯದಲ್ಲಿ ಮೊಬೈಲ್ ತೆಗೆಯುವಂತಿಲ್ಲ. ನರ್ಗಿಸ್ ಮಂಡಕ್ಕಿ, ಮಿರ್ಚಿ ಇರುತ್ತೆ, ಆದರೆ ಹಾಡು ಹಾಡುಗಳ ನಡುವಿನ ಬಿಡುವಿನಲ್ಲಿ ಮಾತ್ರ. ಈ ಊರಿನಲ್ಲಿ ಇದಕ್ಕಿಂತ ಕಠಿಣ ನಿಯಮ ಇನ್ನೊಂದಿಲ್ಲ.

ಚಿತ್ರದುರ್ಗದಿಂದ ಯಾರಾದರೂ ಬಂದಿದ್ದರೆ ಒಂದು ಹಾಡು ಗ್ಯಾರಂಟಿ. 1972ರ 'ನಾಗರಹಾವು' ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ಓಬವ್ವನ ಹಾಡು. ಪುಟ್ಟಣ್ಣ ಕಣಗಾಲ್ ಆ ಸಿನಿಮಾ ತೆಗೆದದ್ದು ಅದೇ ಕೋಟೆಯಲ್ಲಿ. ಹಾಗಾಗಿ ದುರ್ಗದವರಿಗೆ ಅದು ಮನೆಯ ಹಾಡು ಇದ್ದಂತೆ. ಒಮ್ಮೆ ಅದನ್ನು ಹಾಕಿಸಿದ ಹೆಂಗಸೊಬ್ಬರು ಸಿನಿಮಾದ ಬಗ್ಗೆ ಮಾತೇ ಆಡಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವರು ಓಬವ್ವ ಆಗಿದ್ದರಂತೆ. ರಟ್ಟಿನ ಒನಕೆ ಬೇಡ ಅಂತ ಹಟ ಹಿಡಿದು ಅಜ್ಜಿಯ ನಿಜವಾದ ಒನಕೆಯನ್ನೇ ವೇದಿಕೆಗೆ ಒಯ್ದರಂತೆ. ಎತ್ತಿದ್ದೇನೋ ಆಯಿತು, ಇಳಿಸುವಾಗ ಹಲಗೆ ಬಿರುಕು ಬಿಟ್ಟಿತು. ಸೈನಿಕರಾಗಿದ್ದ ಹುಡುಗರು ಒಂದೇ ಓಟ. ಪ್ರಾಕ್ಟೀಸಿನಲ್ಲಿ ಎಷ್ಟು ಹೇಳಿಕೊಟ್ಟರೂ ಅಷ್ಟು ಚೆನ್ನಾಗಿ ಓಡಿರಲಿಲ್ಲವಂತೆ. ಆ ಹಾಡು ಈಗ ಎಲ್ಲೇ ಕೇಳಿದರೂ ನನಗೆ ಮೊದಲು ನೆನಪಾಗುವುದು ಆ ಹಲಗೆ.

'ಓಬವ್ವ ನಮ್ಮ ಜಿಲ್ಲೆಯವಳು' ಅಂತ ಅವರು ಮಾತು ಮುಗಿಸುತ್ತಿದ್ದ ಹಾಗೆ ನಮ್ಮವರು ಸುಮ್ನಿರಲಿಲ್ಲ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಅಲ್ವಾ? ಈ ಜಗಳ ಪ್ರತಿ ಸಲ ಆಗುತ್ತದೆ. ನಾನು ಬಿಡಿಸಲು ಹೋಗುವುದಿಲ್ಲ.

ಇನ್ನೊಬ್ಬರು ತಂದದ್ದು 'ನಿತ್ಯೋತ್ಸವ'. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ರಾಗಸಂಯೋಜನೆ, 1978ರ ಕ್ಯಾಸೆಟ್. ಹಾಡು ತಂದವರ ತಂದೆ ಜಗಳೂರು ಕಡೆ ಮೇಷ್ಟ್ರು. ಟೇಪ್ ರೆಕಾರ್ಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ಶಾಲೆಗೆ ಒಯ್ಯುತ್ತಿದ್ದರು. ಹಾಡಿನಲ್ಲಿ ಜೋಗ ಬರುತ್ತದೆ, ತುಂಗೆ ಬರುತ್ತಾಳೆ. ಹೊರಗೆ ಮಳೆ ಕಾಣದ ಸಜ್ಜೆ ಹೊಲ. ತರಗತಿಯಲ್ಲಿ ಜೋಗ ನೋಡಿದವರು ಒಬ್ಬರೂ ಇರಲಿಲ್ಲ. ಬಹಳ ಕಾಲ ಆದಮೇಲೆ ಇವರು ಜೋಗಕ್ಕೆ ಹೋದದ್ದು ಬೇಸಿಗೆಯಲ್ಲಿ. ನೀರು ಸಣ್ಣಗೆ ಜಿನುಗುತ್ತಿತ್ತು. 'ನಮ್ಮ ಶಾಲೇಲೇ ಜಾಸ್ತಿ ನೀರಿತ್ತು' ಅಂದರು. ಹಾಡಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು.

ಸಣ್ಣ ವಯಸ್ಸಿನವರು ಕ್ಯಾಸೆಟ್ ತರುವುದಿಲ್ಲ. 'ಮುಂಗಾರು ಮಳೆ' ಬಂದದ್ದು 2006ರ ಕೊನೆಗೆ. ಅವರ ನೆನಪೆಲ್ಲ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಂಡದ್ದು, ಹಾಸ್ಟೆಲಿನಲ್ಲಿ ಒಬ್ಬನ ಫೋನಿನಿಂದ ಇನ್ನೊಬ್ಬನಿಗೆ ಬ್ಲೂಟೂತ್ ಮಾಡಿದ್ದು. ನಮ್ಮ ಕಾಲದಲ್ಲಿ ಚೀಟಿ ಬರೆದುಕೊಟ್ಟು ಖಾಲಿ ಕ್ಯಾಸೆಟ್ ತುಂಬಿಸಿಕೊಳ್ಳುತ್ತಿದ್ದೆವಲ್ಲ, ಅದೇ ಕೆಲಸ.

ಹಾಗೆ ತುಂಬಿಸಿದ ಕ್ಯಾಸೆಟ್ ಒಂದು ನಮ್ಮ ಅತ್ತೆ ಹತ್ತಿರ ಇತ್ತು. ಸಿ-60, ಅಂದರೆ ಒಂದು ಬದಿಗೆ 30 ನಿಮಿಷ. ಅಂಗಡಿಯವನು ಲೆಕ್ಕ ನೋಡದೆ ತುಂಬಿಸಿದ್ದಕ್ಕೆ ಕೊನೆಯ ಹಾಡು ಎರಡನೇ ಚರಣದ ಮಧ್ಯದಲ್ಲಿ ಟಕ್ ಅಂತ ನಿಂತುಬಿಡುತ್ತದೆ. ಅತ್ತೆ ಅದನ್ನು ಹಾಗೇ ಕಲಿತಿದ್ದಾರೆ. ಅಡುಗೆ ಮನೆಯಲ್ಲಿ ಗುನುಗುವಾಗಲೂ ಅದೇ ಪದಕ್ಕೆ ನಿಲ್ಲಿಸಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಇಂಟರ್ನೆಟ್ಟಿನಲ್ಲಿ ಪೂರ್ತಿ ಹಾಡು ಹುಡುಕಿ ಕೇಳಿಸಿದೆ. ಮುಖ ಗಂಟಿಕ್ಕಿ ಕೇಳಿದರು. 'ಇಷ್ಟುದ್ದ ಯಾಕೆ?' ಅಂದರು. ಅವತ್ತಿನಿಂದ ನಮ್ಮಲ್ಲಿ ಇನ್ನೊಂದು ಪದ್ಧತಿ: ಕ್ಯಾಸೆಟ್ ಇದ್ದರೆ ಆ ಕ್ಯಾಸೆಟ್ಟನ್ನೇ ಕೇಳಬೇಕು. ಅದೇ ಹಾಡು ಇನ್ನೆಲ್ಲೋ ಚೊಕ್ಕಟವಾಗಿ ಸಿಗುತ್ತದೆ ಅನ್ನುವುದು ಬೇರೆ ವಿಷಯ.

ಹಾಗಾಗಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಪಾಲಿಗೆ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಟ್ಟದಿಂದ ಇಳಿಸಿದ ಕ್ಯಾಸೆಟ್ಟನ್ನು ತಕ್ಷಣ ಪ್ಲೇ ಮಾಡಬೇಡಿ. ಕಿಂಡಿಯೊಳಗೆ ಟೇಪಿನ ಅಂಚು ನೋಡಿ. ಬಿಳಿ ಪುಡಿ ಕಂಡರೆ ಅದು ಬೂಸ್ಟು, ಆ ಕ್ಯಾಸೆಟ್ ಬೇರೆ ಇಡಿ, ಇಲ್ಲದಿದ್ದರೆ ಪ್ಲೇಯರಿನಿಂದ ಉಳಿದವಕ್ಕೂ ಹತ್ತುತ್ತದೆ. ಕೆಳಗೆ ಟೇಪಿನ ಹಿಂದೆ ಸಣ್ಣ ಉಣ್ಣೆ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ, ಅಂದರೆ ಪ್ಲೇಯರಿನೊಳಗೆ ಟೇಪಿನಿಂದ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ನಮ್ಮ ಕಡೆಯ ಬಿಸಿಲಿಗೆ ಅದರ ಅಂಟು ಒಣಗಿ ಉದುರಿಹೋಗಿರುತ್ತದೆ, ಆಗ ದನಿ ಬಟ್ಟೆ ಮುಚ್ಚಿದ ಹಾಗೆ ಬರುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಟೇಪಿನ ಎರಡೂ ಸುರುಳಿ ಎತ್ತಿ ಬೇರೆ ಚಿಪ್ಪಿಗೆ ಹಾಕಬಹುದು. ಆಮೇಲೆ ಆ ತುದಿಯಿಂದ ಈ ತುದಿಗೆ ಒಂದು ಸಲ ಪೂರ್ತಿ ಓಡಿಸಿ. ವರ್ಷಗಟ್ಟಲೆ ಬಿಗಿದುಕೊಂಡಿದ್ದ ಟೇಪು ಸಡಿಲವಾಗುತ್ತದೆ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಒರೆಸಬೇಕು. ಕಂದು ಬಣ್ಣ ಬರುವುದು ನಿಂತರೆ ಸಾಕು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಅದರ ಓರೆಯನ್ನು ಸರಿಮಾಡುತ್ತದೆ. ಹಾಡು ಓಡುತ್ತಿರುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ತಾಳದ ಚಿಣ್ ಸದ್ದು ಎಲ್ಲಿ ಚುರುಕಾಗುತ್ತೋ ಅಲ್ಲಿ ಬಿಡಿ. ಬೇರೆ ಬೇರೆ ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳಿಗೆ ಈ ಓರೆ ಬೇರೆ ಬೇರೆ. ಈ ಸ್ಕ್ರೂಗೆ ಕೊಟ್ಟಷ್ಟು ಸಮಯವನ್ನು ನಾನು ಬೇರೆ ಯಾವುದಕ್ಕೂ ಕೊಡುವುದಿಲ್ಲ. ಸಾಫ್ಟ್‌ವೇರಿನಲ್ಲಿ ಆಮೇಲೆ ಏನು ಮಾಡಿದರೂ ಆ ಚುರುಕು ವಾಪಸ್ ಬರುವುದಿಲ್ಲ.

ಉಳಿದದ್ದು ಸುಲಭ. ಪ್ಲೇಯರಿನ ಲೈನ್ ಔಟಿನಿಂದ ವೈರು, ಒಂದು ಯುಎಸ್‌ಬಿ ಅಡಾಪ್ಟರ್, ಪುಕ್ಕಟೆ ಸಿಗುವ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ನೇರ ಚುಚ್ಚಬೇಡಿ, ಸಾಮಾನ್ಯವಾಗಿ ಅದು ಮೋನೋ, ಎಡ ಬಲ ಬೇರೆ ಬೇರೆ ಬರುವುದಿಲ್ಲ. ದನಿಯನ್ನು ಕುಗ್ಗಿಸದೆ ಇಡುವ 44.1 ಕಿಲೋಹರ್ಟ್ಸ್ ವೇವ್ ಫೈಲಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಒಂದು ಸಿ-90ಗೆ 900 ಎಂಬಿ ಹತ್ತಿರ ಆಗುತ್ತದೆ. ಅದನ್ನು ಹಾಗೇ ಇಟ್ಟು, ಫೋನಿಗೆ ಎಂಪಿ3 ಮಾಡಿಕೊಡುತ್ತೇನೆ.

'ಸ್ಸ್' ಅನ್ನುವ ಸದ್ದು ತೆಗೆಯುವ ಬಟನ್ ಆಡಾಸಿಟಿಯಲ್ಲಿ ಇದೆ. ನಾನು ಒತ್ತುವುದಿಲ್ಲ. ಟೇಪ್ ರೆಕಾರ್ಡರನ್ನು ರೇಡಿಯೋ ಮುಂದಿಟ್ಟು, ಭದ್ರಾವತಿ ಆಕಾಶವಾಣಿಯಿಂದ ಹಾಡು ಹಿಡಿದ ಕ್ಯಾಸೆಟ್ಟುಗಳು ನಮ್ಮ ಕಡೆ ತುಂಬಾ ಇವೆ. ಅವುಗಳಲ್ಲಿ ಹಾಡಿನ ಹಿಂದೆ ಮನೆ ಇರುತ್ತದೆ. ಒಂದರಲ್ಲಿ ಚರಣ ಮುಗಿಯುವ ಹೊತ್ತಿಗೆ ಕುಕ್ಕರ್ ಕೂಗುತ್ತದೆ, ಯಾರೋ 'ಶ್, ರೆಕಾರ್ಡ್ ಆಗ್ತಿದೆ' ಅನ್ನುತ್ತಾರೆ. ಆ ಕ್ಯಾಸೆಟ್ ತಂದವರು ಹಾಡು ಬಿಟ್ಟು ಆ ದನಿಯನ್ನೇ ಮತ್ತೆ ಮತ್ತೆ ಹಾಕಿಸಿದರು. ಅದು ಅವರ ಅಮ್ಮನ ದನಿ. ಬೇರೆ ಎಲ್ಲೂ ಅದು ರೆಕಾರ್ಡ್ ಆಗಿಲ್ಲ. ಸದ್ದು ತೆಗೆಯಲು ಹೋಗಿದ್ದರೆ ಅಷ್ಟು ಮೆಲ್ಲಗಿರುವ ಮಾತಿಗೂ ಪೆಟ್ಟು ಬೀಳುತ್ತಿತ್ತು.

ಫೈಲಿನ ಹೆಸರಿನಲ್ಲಿ ಹಾಡಿನ ಜೊತೆ ತಂದವರ ಊರು, ಒಂದು ಗುರುತು ಹಾಕುತ್ತೇನೆ: 'ಓಬವ್ವ–ದುರ್ಗ–ಒನಕೆ', 'ನಿತ್ಯೋತ್ಸವ–ಜಗಳೂರು–ಸೈಕಲ್'. ಹಾಡು ಆದಮೇಲೆ ಅವರು ಆಡಿದ ಮಾತನ್ನೂ, ಒಪ್ಪಿದರೆ, ಫೋನಿನಲ್ಲಿ ರೆಕಾರ್ಡ್ ಮಾಡಿ ಪಕ್ಕದಲ್ಲೇ ಇಡುತ್ತೇನೆ. ಒಪ್ಪದವರೂ ಇದ್ದಾರೆ, ಅವರದು ಹಾಡು ಮಾತ್ರ ಇದೆ.

ಕ್ಯಾಸೆಟ್ಟನ್ನು ವಾಪಸ್ ಕೊಡುವ ಮುಂಚೆ, ತಂದವರನ್ನು ಕೇಳಿ, ಮೇಲಿನ ಅಂಚಿನ ಎರಡು ಸಣ್ಣ ಟ್ಯಾಬ್ ಮುರಿಯುತ್ತೇನೆ. ಮಕ್ಕಳು ರೆಕಾರ್ಡ್ ಬಟನ್ ಒತ್ತಿದರೂ ಆಗ ಅದರ ಮೇಲೆ ಏನೂ ಹತ್ತುವುದಿಲ್ಲ. ಅತ್ತೆಯ ಕ್ಯಾಸೆಟ್ಟಿಗೂ ಹಾಗೇ ಮಾಡಿ ಕೊಟ್ಟೆ. ಅದನ್ನು ದೊಡ್ಡ ಸ್ಪೀಕರಿನ ಮೇಲೆ ಇಡಬೇಡಿ, ಒಳಗೆ ಅಯಸ್ಕಾಂತ ಇದೆ ಅಂದದ್ದಕ್ಕೆ, ಈಗ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದ್ದಾರೆ.